ಆಲ್ಬಮ್ಮಿನಲ್ಲಿದ್ದ ಅಪ್ಪ

ಮೀಸೆಯೆಂಬುದು ಇದ್ದಷ್ಟು ದಿನ ಯಾರ ಗಮನಕ್ಕೂ ಬಾರದೆ, ಹೋದ ದಿನವೇ ಸಾರ್ವಜನಿಕ ಚರ್ಚೆಯ ವಸ್ತುವಾಗುವ ವಿಚಿತ್ರ ಪದಾರ್ಥ. ಇಪ್ಪತ್ತಮೂರು ವರ್ಷ ನನ್ನ ಮೂಗಿನ ಕೆಳಗೆ ನಿರುಪದ್ರವಿಯಾಗಿ ಬಾಳಿದ ಮೀಸೆಯನ್ನು ನಾನು ತೆಗೆದದ್ದು ಒಂದೇ ಒಂದು ಸಲ, ಅದೂ ಸದುದ್ದೇಶದಿಂದ. ಸದುದ್ದೇಶದ ಕೆಲಸಗಳ ಗತಿ ಏನಾಗುತ್ತದೆಂದು ಬಲ್ಲ ನಿಮಗೆ ಅರ್ಧ ಕತೆ ಈಗಾಗಲೇ ತಿಳಿದಿರುತ್ತದೆ, ಉಳಿದರ್ಧವನ್ನು ಹೇಳಿಬಿಡುತ್ತೇನೆ.

ನಾವಿರುವುದು ಕೆನಡಾದ ಪಿಕರಿಂಗ್‌ನಲ್ಲಿ. ನಾನು ಹುಬ್ಬಳ್ಳಿಯವನು, ಹೆಂಡತಿ ವಸುಧಾ ಮೈಸೂರಿನವಳು. ಹತ್ತು ವರ್ಷದ ಮಗಳು ಮೈಥಿಲಿ ಇಲ್ಲೇ ಹುಟ್ಟಿದವಳಾದ್ದರಿಂದ, ನಮ್ಮಿಬ್ಬರ ಎರಡು ಬಗೆಯ ಕನ್ನಡಕ್ಕೂ ಪಕ್ಷಪಾತವಿಲ್ಲದೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಹತ್ತಿರದ ವಾನ್ ಎಂಬ ಊರಿನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ಪರೀಕ್ಷಕ. ಅಂದರೆ ಒಂದು ಕೈಯಲ್ಲಿ ನಕ್ಷೆ, ಇನ್ನೊಂದು ಕೈಯಲ್ಲಿ ವಸ್ತು ಹಿಡಿದು, ಎರಡಕ್ಕೂ ತಾಳೆಯಾಗದಿದ್ದರೆ ವಸ್ತುವನ್ನು ಮುಲಾಜಿಲ್ಲದೆ ಕೆಂಪು ಡಬ್ಬಿಗೆ ಎಸೆಯುವುದು ನನ್ನ ವೃತ್ತಿ. ಆ ಡಬ್ಬಿಯೊಳಗೆ ಬಿದ್ದವರ ಮನಃಸ್ಥಿತಿಯ ಬಗ್ಗೆ ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಎರಡನೆಯ ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿ ಮೂರು ವರ್ಷ ಕಾದೆವು. ಮಾರ್ಗರೆಟ್ ಎಂಬ ಸಮಾಜ ಕಾರ್ಯಕರ್ತೆ ನಾಲ್ಕು ಸಲ ಮನೆಗೆ ಬಂದು, ಬೇಸ್‌ಮೆಂಟಿನ ಹೊಗೆ ಅಲಾರ್ಮಿನಿಂದ ಹಿಡಿದು ನನ್ನ ಬಾಲ್ಯದವರೆಗೆ ಎಲ್ಲವನ್ನೂ ತಟ್ಟಿ ನೋಡಿದರು. ಸಿಟ್ಟು ಬಂದಾಗ ಏನು ಮಾಡುತ್ತೀರೆಂದು ಅವರು ಕೇಳಿದಾಗ, ನನಗೆ ಸಿಟ್ಟೇ ಬರುವುದಿಲ್ಲವೆಂದು ನಾನು ಗಂಭೀರವಾಗಿ ನುಡಿದೆ. ಪಕ್ಕದಲ್ಲಿದ್ದ ವಸುಧಾಳಿಗೆ ಹತ್ತಿದ ಕೆಮ್ಮು ಐದು ನಿಮಿಷ ನಿಲ್ಲಲಿಲ್ಲ. ಅಷ್ಟಾದರೂ ನಾವು ಪಾಸಾದೆವು. ಜಾರ್ಖಂಡಿನ ಸಣ್ಣ ಊರೊಂದರ ಶಿಶುಗೃಹದಲ್ಲಿದ್ದ ಐದೂವರೆ ವರ್ಷದ ಮುನಿಯಾ ಎಂಬ ಹುಡುಗಿ ನಮ್ಮ ಮಗಳಾಗುವಳೆಂದು ಗೊತ್ತಾಯಿತು. ಮಗು ನಮ್ಮನ್ನು ಮುಂಚಿತವಾಗಿ ಪರಿಚಯ ಮಾಡಿಕೊಳ್ಳಲೆಂದು ಫೋಟೋಗಳ ಆಲ್ಬಮ್ ಕಳಿಸಿ ಎಂದು ಮಾರ್ಗರೆಟ್ ಸಲಹೆ ಕೊಟ್ಟರು. ಕಳಿಸಿದೆವು: ಮಮ್ಮಿ, ದೀದಿ, ಮನೆ, ಮಂಚ, ಹಿತ್ತಲಿನ ಅಳಿಲು, ಮತ್ತು ಇಡೀ ಪುಟ ತುಂಬ ಮೀಸೆಸಮೇತನಾದ ನಾನು. ಎರಡು ಸಲ ವಿಡಿಯೊ ಕರೆಯೂ ಆಯಿತಾದರೂ, ಆ ಊರಿನ ನೆಟ್‌ವರ್ಕಿನ ಕೃಪೆಯಿಂದ ನಾನು ಎರಡು ಸಲವೂ ಬಣ್ಣಬಣ್ಣದ ಚೌಕಗಳ ರೂಪದಲ್ಲಿ ಮಾತ್ರ ದರ್ಶನ ಕೊಟ್ಟೆ.

ಹೊರಡುವ ಹಿಂದಿನ ದಿನ ಮೈಥಿಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪಾ, ಯು ಲುಕ್ ಲೈಕ್ ಎ ಕಾಪ್. ಶೀ ವಿಲ್ ಬಿ ಸ್ಕೇರ್ಡ್" ಎಂದಳು.

"ಅವಳು ಹೇಳೋದೂ ನಿಜ ರೀ. ತೆಗೆದ್ರೆ ಸ್ವಲ್ಪ ಸೌಮ್ಯವಾಗಿ ಕಾಣ್ತೀರ," ಎಂದಳು ವಸುಧಾ.

"ತಗೀತೇನಿ ಬಿಡ್ರಿ, ಮೀಸಿ ಏನ್ ಪಿತ್ರಾರ್ಜಿತ ಆಸ್ತಿ ಅಲ್ಲ," ಎಂದು ಔದಾರ್ಯ ಮೆರೆದು ಸ್ನಾನದ ಮನೆಗೆ ಹೋದೆ. ಹೊರಬಂದಾಗ ಇಬ್ಬರೂ ನನ್ನ ಮುಖ ನೋಡಿ, ಕೂಡಲೇ ಬೇರೆ ವಿಷಯ ಮಾತಾಡಿದರು. ಆಲ್ಬಮ್ಮಿನ ನೆನಪು ನಮ್ಮ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ.

ಕೆನಡಾದ ಪ್ರಜೆಗಳಾದ ನಮಗೆ ಭಾರತಕ್ಕೆ ಹೋಗುವುದು ಕಾಗದದ ಪ್ರಕಾರ ವಿದೇಶ ಪ್ರವಾಸ. ಅದರಲ್ಲೂ ರಾಂಚಿಯಿಂದಾಚೆಗೆ ನನ್ನ ಭಾಷಾಜ್ಞಾನವೂ ವಿದೇಶಿಯದೇ ಆಗಿತ್ತು. ನನ್ನ ಹಿಂದಿಯನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ವಾನ್‌ನ ಶಿಫ್ಟಿನಲ್ಲಿ ಪಂಜಾಬಿ ಸಹೋದ್ಯೋಗಿಗಳ ಬಾಯಿಂದ. ಆ ಹಿಂದಿಯಲ್ಲಿ ಟ್ರಕ್ಕನ್ನು ಹಿಂದಕ್ಕೆ ತೆಗೆಸಬಹುದೇ ಹೊರತು ಮಗುವನ್ನು ಹತ್ತಿರಕ್ಕೆ ಕರೆಯುವುದು ಕಷ್ಟ.

ಶಿಶುಗೃಹದ ಮೇಲ್ವಿಚಾರಕಿ ಸರೋಜ್ ದೀದಿ ನಮ್ಮನ್ನು ವರಾಂಡದಲ್ಲಿ ಕೂರಿಸಿದರು. ಮುನಿಯಾ ಬಂದಳು: ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಮಾಡಿದ ಫ್ರಾಕು, ಕಂಕುಳಲ್ಲಿ ಅಂಚು ಸವೆದ ನಮ್ಮ ಆಲ್ಬಮ್. ನಮಸ್ಕಾರ ಮುಂತಾದ ಉಪಚಾರಗಳನ್ನು ಬದಿಗಿಟ್ಟು ಅವಳು ನೇರವಾಗಿ ತಪಾಸಣೆ ಆರಂಭಿಸಿದಳು. ಪುಟ ತೆರೆದು ಚಿತ್ರ ನೋಡಿದಳು, ವಸುಧಾಳನ್ನು ನೋಡಿದಳು, ತಾಳೆಯಾಯಿತು. ಮೈಥಿಲಿಯೂ ತಾಳೆಯಾದಳು. ನನ್ನ ಪುಟ ಬಂದಿತು. ಚಿತ್ರ, ನಾನು. ಮತ್ತೆ ಚಿತ್ರ, ಮತ್ತೆ ನಾನು. ನನ್ನದೇ ವೃತ್ತಿಯ ನಿಷ್ಣಾತಳೊಬ್ಬಳ ಎದುರು ನಾನು ಬೆವರಿದೆ.

"ಯೇ ಪಾಪಾ ನಹೀ ಹೈ," ಎಂದು ತೀರ್ಪು ಕೊಟ್ಟಳು ಮುನಿಯಾ. ಇವರು ಪಾಪಾ ಅಲ್ಲ.

ಎಲ್ಲರೂ ನಕ್ಕೆವು. ನಕ್ಕದ್ದೇ ತಪ್ಪಾಯಿತು. ಆಲ್ಬಮ್ಮನ್ನು ಎದೆಗೊತ್ತಿಕೊಂಡು ಸರೋಜ್ ದೀದಿಯ ಸೀರೆಯ ಹಿಂದೆ ಸೇರಿಕೊಂಡವಳು ಎಷ್ಟು ಕರೆದರೂ ಈಚೆಗೆ ಬರಲಿಲ್ಲ. ನಾನು ಪಾಸ್‌ಪೋರ್ಟ್ ತೆರೆದು ಅದರಲ್ಲಿದ್ದ ಮೀಸೆ ತೋರಿಸಿದೆ. ಆ ಪಾಪಾನ ಪುಸ್ತಕ ಈ ಮನುಷ್ಯನ ಕೈಗೆ ಹೇಗೆ ಬಂತೆಂಬ ಹೊಸ ಅನುಮಾನ ಹುಟ್ಟಿತಷ್ಟೆ.

ಆಮೇಲೆ ಸರೋಜ್ ದೀದಿ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು. ಹಿಂದೊಮ್ಮೆ ಯಾರೋ ದಂಪತಿ ಬಂದು, ಬೊಂಬೆ ಕೊಟ್ಟು, ನಾಳೆ ಬಂದು ಕರೆದೊಯ್ಯುತ್ತೇವೆಂದು ಹೇಳಿ ಹೋದವರು ತಿರುಗಿ ಬರಲಿಲ್ಲವಂತೆ. ಅಂದಿನಿಂದ ಅವಳು ದೊಡ್ಡವರ ಮಾತನ್ನು ನಂಬುವುದಿಲ್ಲ. ನಂಬಿದ್ದು ಈ ಆಲ್ಬಮ್ಮೊಂದನ್ನೇ. ಪ್ರತಿ ದಿನ ಅದರ ಪುಟಗಳನ್ನು ಪಾಠದಂತೆ ಒಪ್ಪಿಸಿಯೇ ಮಲಗುತ್ತಿದ್ದಳಂತೆ. "ಎಳೆದುಕೊಂಡು ಹೋಗಬೇಡಿ. ದಿನಾ ಬನ್ನಿ," ಎಂದರು. ಅವಳ ಪಾಸ್‌ಪೋರ್ಟಿಗಾಗಿ ಹೇಗೂ ಕಾಯಬೇಕಿತ್ತು. ಲಾಡ್ಜಿಗೆ ಹಿಂದಿರುಗುವಾಗ ವಸುಧಾ ನನ್ನ ಮುಖ ನೋಡಲಿಲ್ಲ. ನೋಡುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ ಕೂಡ.

ಮರುದಿನ ಮೈಥಿಲಿ ಒಂದು ಉಪಾಯ ಹೂಡಿ, ಅಮ್ಮನ ಕಾಡಿಗೆಯಿಂದ ನನಗೆ ಮೀಸೆ ಬರೆದಳು. ದೂರದಿಂದ ಅದು ಚೆನ್ನಾಗಿಯೇ ಇತ್ತು. ಆದರೆ ಜುಲೈ ತಿಂಗಳ ಸೆಖೆಯಲ್ಲಿ, ಶಿಶುಗೃಹದ ಗೇಟು ದಾಟುವಷ್ಟರಲ್ಲಿ ಅದರ ಎರಡು ತುದಿಗಳೂ ಗಲ್ಲದ ಕಡೆಗೆ ಪ್ರಯಾಣ ಬೆಳೆಸಿದ್ದವು. ಮುನಿಯಾ ಹತ್ತಿರ ಬಂದು, ಬೆರಳಿನಿಂದ ನನ್ನ ಮೇಲ್ದುಟಿಯನ್ನು ಒರೆಸಿ, ಕಪ್ಪಾದ ಬೆರಳನ್ನು ಎಲ್ಲರಿಗೂ ಎತ್ತಿ ತೋರಿಸಿ "ನಕಲಿ!" ಎಂದು ಕೂಗಿ ಬಿದ್ದು ಬಿದ್ದು ನಕ್ಕಳು. ಅವಳು ನಕ್ಕದ್ದನ್ನು ನಾವು ಕಂಡದ್ದು ಅದೇ ಮೊದಲು. ಅಂದಿನಿಂದ ನನಗೆ "ನಕಲಿ ಅಂಕಲ್" ಎಂಬ ಬಿರುದು ಪ್ರಾಪ್ತವಾಯಿತು.

ಬಿರುದಿನೊಂದಿಗೆ ಜವಾಬ್ದಾರಿಗಳೂ ಬಂದವು. ನಕಲಿ ಅಂಕಲ್ ಉಯ್ಯಾಲೆ ತೂಗಬೇಕು, ಮಾವಿನಕಾಯಿ ಕೀಳಬೇಕು, ಕುದುರೆಯಾಗಬೇಕು; ನನ್ನ ಪಂಜಾಬಿ ಹಿಂದಿಯನ್ನು ಅವಳು ತಿದ್ದಿದಂತೆ ಹತ್ತು ಸಲ ಹೇಳಬೇಕು. ವಸುಧಾಳ ಮಡಿಲಲ್ಲಿ ಕೂತು ಊಟ ಮಾಡುವಷ್ಟು ಸಲಿಗೆ ಬೆಳೆಯಿತು, ಮೈಥಿಲಿಯ ಜಡೆ ಅವಳ ಸ್ವಂತ ಆಸ್ತಿಯಾಯಿತು. ಆದರೆ ಹೊರಡುವ ಮಾತೆತ್ತಿದರೆ ಒಂದೇ ಉತ್ತರ: ಪಾಪಾ ಬರಲಿ.

ಏಳನೆಯ ದಿನ ಉಯ್ಯಾಲೆ ತೂಗುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ ಕಾಲೂರಿ ನಿಲ್ಲಿಸಿದಳು. ತಿರುಗಿ ನೋಡದೆಯೇ ಕೇಳಿದಳು: "ನಕಲಿ ಅಂಕಲ್, ಪಾಪಾ ಸಚ್‌ಮುಚ್ ಆಯೇಂಗೆ ನಾ?" ನಿಜವಾಗಿಯೂ ಬರುತ್ತಾರೆ ತಾನೇ?

ನೀವಾದರೆ ಏನು ಹೇಳುತ್ತಿದ್ದಿರೋ ತಿಳಿಯದು. ನಾನೇ ಆ ಪಾಪಾ ಎಂದು ಏಳು ದಿನದಿಂದ ಸಾಧಿಸಲು ಹೊರಟಿದ್ದ ನನಗೆ, ಆ ಗಳಿಗೆಯಲ್ಲಿ ವಾದ ಮಾಡುವುದು ಸಣ್ಣತನವೆನಿಸಿತು. ಬರುತ್ತಾನೆ, ಖಂಡಿತ ಬರುತ್ತಾನೆ ಎಂದೆ. ಮತ್ತೆ ಏಕೆ ತಡ ಮಾಡುತ್ತಿದ್ದಾನೆಂದು ಕೇಳಿದಳು. ಅವನು ಸ್ವಲ್ಪ ದಡ್ಡ, ನೀನು ಹೆದರುತ್ತೀಯೆಂದು ತಿಳಿದು ಮೀಸೆ ಬೋಳಿಸಿಕೊಂಡ, ಈಗ ನೀನು ಗುರುತು ಹಿಡಿಯುತ್ತಿಲ್ಲವೆಂದು ಅವನಿಗೇ ಹೆದರಿಕೆಯಾಗಿದೆ ಎಂದೆ. ಬೇಕಾಬಿಟ್ಟಿ ಲಿಂಗವಚನಗಳ ಆ ಹಿಂದಿಯನ್ನು ಅವಳು ಮೊದಲ ಬಾರಿಗೆ ತಿದ್ದಲಿಲ್ಲ. "ಪಾಗಲ್" ಎಂದಷ್ಟೇ ಹೇಳಿ ಇಳಿದುಹೋದಳು.

ಮರುದಿನ ನಾವು ಹೋದಾಗ ಮುನಿಯಾ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ತುಟಿಯ ಮೇಲೆ ಹತ್ತು ಹನ್ನೆರಡು ದಿನಗಳ ಬೆಳೆ, ಅರ್ಧಕ್ಕರ್ಧ ಬಿಳಿ. ಅದರತ್ತ ಅವಳು ಕಣ್ಣೂ ಹಾಯಿಸಲಿಲ್ಲ. ಚಪ್ಪಲಿಯ ಬಕಲ್ ಬಿಚ್ಚಿದ್ದ ಕಾಲನ್ನು ಮುಂದೆ ಚಾಚಿ, ದಿನಾ ಹೇಳುವವಳಂತೆ ಹೇಳಿದಳು: "ಪಾಪಾ, ಚಪ್ಪಲ್."

ನಾನು ಮೊಣಕಾಲೂರಿ ಕುಳಿತೆ. ಮಿಲಿಮೀಟರಿನ ಹತ್ತನೆಯ ಒಂದಂಶವನ್ನು ಅಳೆಯುವ ನನ್ನ ಕೈಗಳಿಗೆ ಆ ಬಕಲ್ಲಿನ ತೂತು ಸಿಗಲೇ ಇಲ್ಲ, ಏಕೆಂದರೆ ಅದು ನನಗೆ ಕಾಣುತ್ತಿರಲಿಲ್ಲ. ಇಷ್ಟು ದೊಡ್ಡ ಮನುಷ್ಯನಿಗೆ ಚಪ್ಪಲಿ ಹಾಕಲು ಬಾರದೆಂದು ಮುನಿಯಾ ಬೇಸತ್ತು ನಿಟ್ಟುಸಿರಿಟ್ಟಳು. ವಸುಧಾ ಗೋಡೆಯ ಕಡೆ ತಿರುಗಿ ಅಲ್ಲಿದ್ದ ಲಸಿಕೆಯ ಭಿತ್ತಿಪತ್ರವನ್ನು ಬಹಳ ಹೊತ್ತು ಓದಿದಳು.

ನಾವು ಪಿಕರಿಂಗ್‌ಗೆ ಬಂದು ಈಗ ಐದು ತಿಂಗಳಾಯಿತು. ಮೊದಮೊದಲು ಮನೆಯಲ್ಲಿ ಭಾಷೆಯದೇ ಫಜೀತಿ. ಮುನಿಯಾಗೆ ಇಂಗ್ಲಿಷ್ ಬಾರದು, ಮೈಥಿಲಿಗೆ ಹಿಂದಿ ಬಾರದು. ನಾವು ಗಂಡ ಹೆಂಡತಿ ಆಡುವ ಕನ್ನಡವನ್ನು ಚಿಕ್ಕವಳು ವಾರಕ್ಕೊಂದು ಹಿಡಿಯಂತೆ ನುಂಗುತ್ತಿದ್ದಳು. ದೊಡ್ಡವಳು ಏನು ಮಾಡುತ್ತಿದ್ದಾಳೆಂದು ನಾವು ಗಮನಿಸಿರಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಯೂನಿಯನ್‌ವಿಲ್‌ನ ಗೆಳೆಯರ ಮನೆಯಲ್ಲಿ ಊಟ ಮುಗಿಸಿ ಹಿಂದಿರುಗುತ್ತಿದ್ದೆವು. ಹೆದ್ದಾರಿಗೆ ಬಂದ ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಲ್ಲಿ, ಅವರು ಕಟ್ಟಿಕೊಟ್ಟ ಚಕ್ಕುಲಿಯ ವಿಷಯಕ್ಕೆ ಯುದ್ಧ ಆರಂಭವಾಯಿತು.

"ನೀನು ಆಲ್ರೆಡಿ ಮೂರು ತಿಂದೆ! ಈ ಒನ್ನು ನಂದು!"

"ನಿಂದಲ್ಲ, ನಂದು! ಅಮ್ಮ ನಂಗೇ ಕೊಟ್ಟಿದ್ದು!"

"ಕೊಡು ಅಂದ್ರೆ ಕೊಡು!"

"ಕೊಡಂಗಿಲ್ಲ!"

ಗದರಿಸಲೆಂದು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಹತ್ತು ವರ್ಷ ನಾವು ಮುದ್ದಿಸಿ, ಬೆದರಿಸಿ, ಶನಿವಾರದ ಕನ್ನಡ ತರಗತಿಗೆ ಹೊತ್ತುಹಾಕಿದರೂ ಬಾಯಿ ಬಿಡದ ಮೈಥಿಲಿ, ತಂಗಿಯೊಂದಿಗೆ ಕನ್ನಡದಲ್ಲೇ ನಿರರ್ಗಳವಾಗಿ ಜಗಳವಾಡುತ್ತಿದ್ದಳು. ವಸುಧಾ ನನ್ನ ತೋಳು ಹಿಡಿದಳು. ನಾವು ಹೆದ್ದಾರಿಯಿಂದ ಇಳಿಯಬೇಕಿದ್ದ ಎಕ್ಸಿಟ್ ಬಲಗಡೆಗೆ ಬಂದು ಹಿಂದೆ ಸರಿದುಹೋಯಿತು.

"ದಾರಿ ತಪ್ಪಿತಲ್ಲ," ಎಂದು ಪಿಸುಗುಟ್ಟಿದೆ.

"ಶ್! ನಿಧಾನಕ್ಕೆ ಹೋಗಿ," ಎಂದಳು ವಸುಧಾ. "ಇನ್ನೂ ಎರಡು ಚಕ್ಕುಲಿ ಇದೆ."