ನಾನು ಓದಿದ್ದು ನೀರಿನ ಬಿಸಿ

ಜಾರಿದ ಸೂಜಿಯನ್ನು ನಾನು ಮತ್ತೆ ಒಳಗೆ ಚುಚ್ಚಲಿಲ್ಲ. ಜಾರಿದೆ ಎಂದು ತಂಗಿಗೆ ಹೇಳಲೂ ಇಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಅದಕ್ಕೂ ಎಷ್ಟೋ ವರ್ಷ ಮೊದಲು, ನಾನು ಚಿಕ್ಕವಳಿದ್ದಾಗಲೇ, ಅಪ್ಪನ ಬ್ಯಾಂಕ್ ನೌಕರಿಯಿಂದಾಗಿ ಧಾರವಾಡ ಬಿಟ್ಟು ನಾಗಪುರಕ್ಕೆ ಬಂದಿದ್ದೆವು. ಹೊಸ ಊರಿನ ಭಾಷೆ ತಲೆಗೆ ಹತ್ತದೆ ನನ್ನ ಓದು ಏಳನೆಯ ತರಗತಿಗೆ ನಿಂತಿತು. ತಂಗಿ ಓದುತ್ತ ಹೋಗಿ ಕಾಲೇಜಿನ ಪ್ರಯೋಗಾಲಯ ಸೇರಿದಳು. ದೇಹದೊಳಗಿನ ಮಾಂಸ ಎಷ್ಟು ಬಿಸಿಯಾಗಿದೆ ಎಂಬುದನ್ನು ಚುಚ್ಚದೆ, ಬರೀ ಸೋನೋಗ್ರಫಿ ಚಿತ್ರ ನೋಡಿ ಹೇಳಬಹುದೇ ಎಂದು ಹುಡುಕುವುದು ಅವಳ ಕೆಲಸ. ಕಟುಕರ ಅಂಗಡಿಯಿಂದ ತಂದ ಮೇಕೆಯ ಯಕೃತ್ತನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಅದರ ನಡುವಿಗೆ ಶಾಖ ಅಳೆಯುವ ತೆಳು ಸೂಜಿ ಚುಚ್ಚುತ್ತಿದ್ದಳು. ಅವಳು ಚಿತ್ರ ಹಿಡಿದಾಗಲೆಲ್ಲ ಸೂಜಿಗೆ ಜೋಡಿಸಿದ ಪಕ್ಕದ ಡಬ್ಬಿಯಲ್ಲಿ ಮೂಡುವ ಅಂಕಿಯನ್ನು ಯಾರಾದರೂ ಕೂಗಬೇಕಿತ್ತು.

ಕೂಗುವ ಹುಡುಗಿ ಬಾರದ ದಿನ ನನ್ನನ್ನು ಕರೆದೊಯ್ದಳು. ಅಂದು ಶ್ರಾವಣ ಸೋಮವಾರ, ನನಗೆ ಉಪವಾಸ.

"ಹೇಸಿಕಿ ಅನಸೂದಿಲ್ಲಲ್ಲ ಅಕ್ಕಾ?"

"ನಂಬರ್ ಓದಾಕ ಎಂಥಾ ಹೇಸಿಕಿ? ಏಳನೇತ್ತ ಪಾಸ್ ಆಗೇನಿ ನಾ."

"ಹಂಗಾರ ಕೂಡ್ರಿ, ಸೈಂಟಿಸ್ಟ್ ಅಕ್ಕಾರ," ಎಂದು ನಕ್ಕಳು. "ಸೂಜಿ ಜಾರಿದ್ರ ಗ್ಲೌಸ್ ಹಾಕ್ಕೊಂಡು ಒಳಗ ಒತ್ತು. ಆಗಲಿಲ್ಲಂದ್ರ ನನಗ ಹೇಳು."

ಅವಳು ಚಿತ್ರ ಹಿಡಿಯುವ ಸಾಧನವನ್ನು ಒಂದು ಕೈಯಲ್ಲಿ ಯಕೃತ್ತಿನತ್ತ ಹಿಡಿದು, ಪರದೆಯತ್ತ ತಿರುಗಿ ಕುಳಿತಳು. ಸ್ವಲ್ಪ ಹೊತ್ತಿಗೆ ಸೂಜಿ ಕಳಚಿ ನೀರಿಗೆ ಬಿತ್ತು, ಅಂಕಿ ಸರಕ್ಕನೆ ಏರಿತು. ಗ್ಲೌಸ್ ಕೈಗೆತ್ತಿಕೊಂಡೆ. ಸಂಜೆ ಇದೇ ಕೈಯಿಂದ ಪೂಜೆ ಮಾಡಬೇಕಲ್ಲ ಎನ್ನಿಸಿ ಕೆಳಗಿಟ್ಟೆ. ಅವಳಿಗಾದರೂ ಹೇಳಬಹುದಿತ್ತು. ಅಷ್ಟು ಜಂಬ ಕೊಚ್ಚಿ ಬಂದವಳಿಗೆ ಬಾಯಿ ಬರಲಿಲ್ಲ.

"ಅಕ್ಕಾ, ಸೂಜಿ ಬರೋಬರ್ ಐತಲ್ಲ?"

"ಬರೋಬರ್ ಐತಿ."

ಅಲ್ಲಿಂದ ಮುಂದೆ ನಾನು ಕೂಗಿದ್ದೆಲ್ಲ ನೀರಿನ ಬಿಸಿ. ಮಾಂಸದ ನಡುಭಾಗ ಇನ್ನೂ ಅಷ್ಟು ಕಾದಿರಲಿಲ್ಲ.

ಆ ದಿನದ ಚಿತ್ರಕ್ಕೂ ಅಂಕಿಗೂ ತಾಳೆಯಾಗಲಿಲ್ಲ. ಚಿತ್ರ ಹಿಡಿಯುವಾಗ ಕೈ ನಡುಗಿದೆ ಎಂದರು ಅವಳ ಸರ್. ಅವಳು ನಂಬಿಬಿಟ್ಟಳು. ಮತ್ತೆ ಮಾಡಹೋದಾಗ ಅಂಜಿಕೆಯಿಂದ ಕೈ ನಿಜಕ್ಕೂ ನಡುಗತೊಡಗಿತು. ಚಹಾ ಕುಡಿಯುವಾಗ ಅಂಗೈ ಚಾಚಿ ನೋಡಿಕೊಳ್ಳುತ್ತಿದ್ದಳು. ನಾನು ಎದುರಿಗೆ ಅವಲಕ್ಕಿ ಇಟ್ಟು, "ಹೋಗಲಿ ಬಿಡು" ಅನ್ನುತ್ತಿದ್ದೆ. ಕಡೆಗೆ ಅವಳು ಸಂಶೋಧನೆ ಬಿಟ್ಟು ಶಾಲೆಯೊಂದರಲ್ಲಿ ಪಾಠ ಹೇಳಲು ಸೇರಿದಳು.

ವರ್ಷಗಳ ನಂತರ ಅವ್ವನ ಹೊಟ್ಟೆಯ ಸೋನೋಗ್ರಫಿಗೆಂದು ಮೂವರೂ ರಾಮದಾಸಪೇಠದ ಆಸ್ಪತ್ರೆಗೆ ಹೋಗಿದ್ದೆವು. ಪರೀಕ್ಷೆ ಮುಗಿದು, ಅವ್ವ ಒಳಗೆ ಸೀರೆ ಸರಿಪಡಿಸಿಕೊಳ್ಳುತ್ತಿದ್ದಳು. ನಾವಿಬ್ಬರೂ ಹೊರಗಿನ ಬೆಂಚಿಗೆ ಬಂದು ಕುಳಿತೆವು.

"ಆ ಲೇಡಿ ಡಾಕ್ಟರ್ ಕೈ ಒಂಚೂರೂ ಅಳ್ಳಾಡಲಿಲ್ಲ, ನೋಡಿದ್ಯಾ?" ಎಂದಳು ತಂಗಿ. "ನನ್ನ ಕೈಗೆ ಅದು ಒಗ್ಗಲೇ ಇಲ್ಲ."

ಅವಳ ಕೈ ಹಿಡಿದುಕೊಂಡೆ.

"ನಿನ್ನ ಕೈ ಅವತ್ತು ನಡುಗಿರಲಿಲ್ಲ. ಸೂಜಿ ನೀರಾಗ ಬಿದ್ದಿತ್ತು. ನಾ ನೋಡೇ ಸುಮ್ಮನ ಕೂತೆ, ನೀ ಕೇಳಿದಾಗ ಸುಳ್ಳು ಹೇಳಿದೆ. ನನ್ನಿಂದ ದೊಡ್ಡ ತಪ್ಪಾತು ತಂಗಿ, ನನ್ನ ಕ್ಷಮಿಸು."