ಕ್ಯಾರಿಯರ್ ಮೇಲಿನ ಮೊರದ ಬಾಗಿನ

ಗೌರಿ ಹಬ್ಬದ ಬಾಗಿನವನ್ನು ಬಸ್ಸಿನಲ್ಲಿ ಒಯ್ಯಬಾರದು ಎಂಬುದು ನಮ್ಮಪ್ಪ ಮಾಡಿದ ಕಾನೂನು. ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿದರೆ, "ಹಬ್ಬದ ದಿವ್ಸ ಶಿವಾಜಿನಗರ ಬಸ್ ಸ್ಟ್ಯಾಂಡಲ್ಲಿ ಹೋಗಿ ನಿಂತ್ಕೊ, ಗೊತ್ತಾಗುತ್ತೆ" ಎನ್ನುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಬಾಗಿನಕ್ಕೆ ಯಾರದಾದರೂ ಕಾಲು ತಾಗದೆ ಇರುವುದಿಲ್ಲ, ತಾಗಿದರೆ ಮಗಳಿಗೆ ಒಳ್ಳೆಯದಲ್ಲ ಎಂಬುದು ಅವರ ವಾದ. ಹಾಗಾಗಿ ಅಕ್ಕನ ಮದುವೆಯಾದ ವರ್ಷದಿಂದ ಅವರು ಜೋಗುಪಾಳ್ಯದ ನಮ್ಮ ಮನೆಯಿಂದ ಹೊಸಕೋಟೆಯ ಆಚೆಗಿದ್ದ ಅವಳ ಊರಿಗೆ ಸೈಕಲ್ಲಿನಲ್ಲೇ ಹೋಗಿ ಬಾಗಿನ ಕೊಟ್ಟು ಬರುತ್ತಿದ್ದರು.

ನಾಲ್ಕನೆಯ ವರ್ಷ, ಹಬ್ಬಕ್ಕೆ ಹತ್ತು ದಿನ ಇರುವಾಗ, ಅಟ್ಟದಿಂದ ಹಿತ್ತಾಳೆ ಕೊಳಗ ಇಳಿಸಲು ಹೋಗಿ ಅಪ್ಪ ಕೊಳಗದ ಜೊತೆಗೇ ಇಳಿದರು. ಕೊಳಗಕ್ಕೆ ಏನೂ ಆಗಲಿಲ್ಲ. ಅಪ್ಪನ ಬಲಗಾಲಿಗೆ ಪ್ಲಾಸ್ಟರ್ ಬಿತ್ತು.

ನಮ್ಮ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಅಕ್ಕ ಮತ್ತು ನಾನು. ಅಕ್ಕನ ಮದುವೆಯ ದಿನ ಅವಳ ಅತ್ತೆ ಯಾರೊಡನೆಯೋ ಹೇಳಿದ ಮಾತು ನನ್ನ ಕಿವಿಗೆ ಬಿದ್ದಿತ್ತು. "ಗಂಡು ಹುಡುಗ್ರಿಲ್ದಿರೋ ಮನೆ. ಆ ಮನುಷ್ಯನ ಕೈಕಾಲು ಆಡೋವರ್ಗೂ ತವರಿಂದ ಬಾಗಿನ ಬರ್ತದೆ. ಆಮೇಲ್ ಯಾರು ತರ್ತಾರೆ?" ಆಗ ನನಗೆ ಹದಿನೇಳು. ಮೈಯೆಲ್ಲ ಉರಿದುಹೋಗಿತ್ತು. ಮದುವೆ ಮನೆ ಎಂದು ಬಾಯಿ ಮುಚ್ಚಿಕೊಂಡಿದ್ದೆ, ಮರೆತಿರಲಿಲ್ಲ. ಅಕ್ಕನ ಇಬ್ಬರು ಓರಗಿತ್ತಿಯರಿಗೂ ಅಣ್ಣತಮ್ಮಂದಿರಿದ್ದರು, ಹಬ್ಬದ ದಿನ ಬೆಳಗಾಗುವುದರೊಳಗೆ ಬಾಗಿನ ಬರುತ್ತಿತ್ತು. ತವರಿನ ಬಾಗಿನ ಮುಟ್ಟದೆ ಅಕ್ಕ ಅನ್ನ ಮುಟ್ಟುತ್ತಿರಲಿಲ್ಲ.

"ನಾನ್ ತಗೊಂಡ್ ಹೋಗ್ತೀನಿ" ಎಂದೆ.

"ಎಲ್ಲಾದ್ರೂ ಮದುವೆ ಆಗ್ದಿರೋ ಹುಡುಗಿ ಬಾಗಿನ ಹೊತ್ಕೊಂಡ್ ಹೋಗ್ತಾಳೇನೇ? ನೋಡ್ದೋರು ನಗ್ತಾರೆ" ಎಂದರು ಅಮ್ಮ.

"ನಗ್ಲಿ. ಅಕ್ಕ ಉಪವಾಸ ಇರೋದಕ್ಕಿಂತ ಅವ್ರು ನಗೋದೇ ವಾಸಿ."

ಅಪ್ಪ ಮಂಚದ ಮೇಲಿಂದ ನನ್ನನ್ನೇ ನೋಡಿದರು. "ನನ್ ಸೈಕಲ್ಲೇ ತಗೊಂಡ್ ಹೋಗು. ನಿನ್ ಸೈಕಲ್ ಕ್ಯಾರಿಯರ್ ಮೇಲೆ ಮೊರ ನಿಲ್ಲಲ್ಲ" ಎಂದರು. ಆಮೇಲೆ ಒಂದು ಗಂಟೆ ನಿಯಮಗಳನ್ನು ಹೇಳಿದರು. ಬಾಗಿನ ನೆಲಕ್ಕೆ ತಾಗಬಾರದು. ಅದರ ಮೇಲೆ ಕಾಲು ಹಾದುಹೋಗಬಾರದು, ಅಂದರೆ ಗಂಡಸರ ಹಾಗೆ ಹಿಂದಿನಿಂದ ಕಾಲು ಬೀಸಿ ಸೈಕಲ್ ಹತ್ತುವಂತಿಲ್ಲ, ಮುಂದಿನ ಬಾರಿನ ಮೇಲಿಂದಲೇ ಕಾಲು ದಾಟಿಸಬೇಕು. ಬಳೆ ಒಡೆಯಬಾರದು. ಒಡೆದ ಬಳೆ ಹಿಡಿದುಕೊಂಡು ಹೋಗುವುದಕ್ಕಿಂತ ಹೋಗದೆ ಇರುವುದೇ ಮೇಲು. ಎರಡು ಡಜನ್ ಹಸಿರು ಗಾಜಿನ ಬಳೆಗಳನ್ನು ಅವರೇ ಅಕ್ಕಿಯೊಳಗೆ ಹೂತಿಟ್ಟರು. ಒಂದು ಮೊರದ ಮೇಲೆ ಇನ್ನೊಂದನ್ನು ಬೋರಲು ಹಾಕಿ, ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ, ಟ್ಯೂಬಿನ ಪಟ್ಟಿಯಿಂದ ಕ್ಯಾರಿಯರಿಗೆ ಬಿಗಿಸಿದ್ದೂ ಅವರೇ, ಮಂಚದ ಮೇಲೆ ಕೂತುಕೊಂಡೇ.

ಬೆಳಕು ಹರಿಯುವಾಗ ಹೊರಟೆ. ಇಂದಿರಾನಗರ ಇನ್ನೂ ಮಲಗಿತ್ತು. ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿಗಳ ಪಕ್ಕ ಜೀವ ಕೈಯಲ್ಲಿ ಹಿಡಿದುಕೊಂಡು ಕೆ.ಆರ್. ಪುರದ ತನಕ ತುಳಿದೆ. ಅಲ್ಲಿಂದ ಮುಂದೆ ಅಪ್ಪ ಹೇಳಿಕೊಟ್ಟ ದಾರಿ. ಮಹದೇವಪುರದಲ್ಲಿ ಹುಟ್ಟಿ ಬೆಳೆದ ಅವರಿಗೆ ಆ ಕಡೆಯ ಕೆರೆ ಏರಿಗಳೆಲ್ಲ ಬಾಯಿಪಾಠ. ಡಾಂಬರು ಬಿಟ್ಟು ಕೆಂಪು ಮಣ್ಣಿನ ಬಂಡಿದಾರಿಗೆ ಇಳಿದೆ ನೋಡಿ, ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಏರಿಯ ಮೇಲೆ ಗಾಳಿ ಬೆನ್ನು ತಳ್ಳುತ್ತಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ರಾಗಿ ಹೊಲ, ನಡುವೆ ನಾನೊಬ್ಬಳೇ. ಜೋಗುಪಾಳ್ಯದಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಯಾರಾದರೂ ಎದುರಾಗಿ, ಎಲ್ಲಿಗೆ ಹೊರಟೆ ಎಂದು ಕೇಳದೆ ಬಿಡುವುದಿಲ್ಲ. ಇಲ್ಲಿ ಕೇಳುವವರೇ ಇಲ್ಲ. ಜೋರಾಗಿ ಹಾಡಿದೆ. ನನ್ನ ಕಂಠದ ಬಗ್ಗೆ ನನಗೆ ಭ್ರಮೆ ಇಲ್ಲ, ಆದರೂ ಹಾಡಿದೆ.

ಜಲ್ಲಿ ಚೆಲ್ಲಿದ ಕಡೆ ಮಾತ್ರ ಹಾಡು ನಿಲ್ಲುತ್ತಿತ್ತು. ಒಂದೊಂದು ಕಲ್ಲಿಗೂ ಹಿಂದೆ ಮೊರದೊಳಗೆ ಏನೋ ಕಟಕಟ ಎನ್ನುತ್ತಿತ್ತು. ಬಾಚಣಿಗೆ ಇರಬೇಕು, ಕನ್ನಡಿ ಇರಬೇಕು, ಬಳೆ ಮಾತ್ರ ಆಗಿರದಿರಲಿ ತಾಯಿ ಎಂದು ಗೌರಿಯನ್ನು ಬೇಡಿಕೊಂಡು ಬ್ರೇಕು ಹಿಡಿಯುತ್ತಿದ್ದೆ. ಇಳಿಯುವಂತಿಲ್ಲ. ಇಳಿದರೆ ಮತ್ತೆ ಹತ್ತಲು ಒಂದು ಕಲ್ಲು ಬೇಕು, ಬಾರಿನ ಮೇಲೆ ಕಾಲು ದಾಟಿಸುವ ಸರ್ಕಸ್ಸು ಬೇರೆ.

ಹೊಸಕೋಟೆ ಬಳಸಿ ಹೋದ ಮೇಲೆ ನೆಲ ಏರತೊಡಗಿತು. ಗುಡ್ಡದ ಇಳಿಜಾರಿನಲ್ಲಿ ಕಣ್ಣಿಗೆ ಕಾಣುವಷ್ಟು ದೂರವೂ ದ್ರಾಕ್ಷಿ ತೋಟ. ಕಲ್ಲು ಕಂಬ, ತಂತಿ, ಅದರ ಮೇಲೆ ಹಬ್ಬಿದ ಚಪ್ಪರ, ಕೆಳಗೆ ತೂಗುವ ಕಪ್ಪು ಗೊಂಚಲು. ಆ ಏರನ್ನು ಇಳಿಯದೆ ಹತ್ತಿದೆ. ಎದೆ ಒಡೆದುಹೋಗುತ್ತದೆ ಎನ್ನಿಸಿತು, ಆದರೆ ತುದಿ ಮುಟ್ಟಿದಾಗ ಇಡೀ ಬೆಂಗಳೂರಿನಲ್ಲಿ ನನ್ನಂಥವಳು ಇನ್ನೊಬ್ಬಳಿಲ್ಲ ಅಂದುಕೊಂಡೆ. ಆ ಜಂಬದಲ್ಲೇ ಇಳಿಜಾರಿನಲ್ಲಿ ಕಾಲು ಬಿಟ್ಟೆ. ಹಿಂದಿನ ಚಕ್ರದಲ್ಲಿ ಮುಳ್ಳು.

ಪಂಕ್ಚರ್ ಹಾಕಲು ಬರುತ್ತಿತ್ತು. ಸಲ್ಯೂಷನ್, ಉಪ್ಪುಕಾಗದ, ರಬ್ಬರ್ ತುಂಡು ಎಲ್ಲ ಅಪ್ಪನ ಚೀಲದಲ್ಲಿದ್ದವು. ಆದರೆ ಸೈಕಲ್ ತಲೆಕೆಳಗು ಮಾಡಬೇಕಾದರೆ ಬಾಗಿನ ಬಿಚ್ಚಬೇಕು, ಬಿಚ್ಚಿದರೆ ಎಲ್ಲಿಡುವುದು? ಸೈಕಲ್ಲಿಗೆ ಒರಗಿಕೊಂಡು ಕೂಗಿದೆ. ಚಪ್ಪರದ ಕೆಳಗಿಂದ, ಗೊಂಚಲು ಕೊಯ್ಯುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ಬಂದಳು. ಎರಡೂ ಕೈ ದ್ರಾಕ್ಷಿ ರಸದಲ್ಲಿ ನೇರಳೆಯಾಗಿದ್ದವು.

"ಅಜ್ಜಿ, ಇದನ್ನ ಸ್ವಲ್ಪ ಹಿಡ್ಕೋತೀರಾ? ಬಾಗಿನ. ನೆಲಕ್ಕಿಡಂಗಿಲ್ಲ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ನಾವ್ ಮುಟ್ಟಿದ್ರೆ ಆಯ್ತದಾ ತಾಯಿ? ಕೇರಿಯೋರು ನಾವು."

ನನ್ನ ಸಿಟ್ಟು ವಾಪಸ್ ಬಂತು, ಅವಳ ಮೇಲಲ್ಲ. "ನೆಲ ಮುಟ್ಬಾರ್ದು ಅಂದಿದಾರೆ ಅಷ್ಟೇ, ಮನುಷ್ಯರು ಮುಟ್ಬಾರ್ದು ಅಂತ ಯಾರೂ ಅಂದಿಲ್ಲ. ಹಿಡ್ಕೊಳ್ಳಿ ಅಜ್ಜಿ, ನಮ್ಮಕ್ಕ ಬೆಳಿಗ್ಗೆಯಿಂದ ಉಪವಾಸ ಇದಾಳೆ."

ಅವಳು ತೋಟದ ಕಾಲುವೆಯಲ್ಲಿ ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಬಾಗಿನವನ್ನು ತಲೆಯ ಮೇಲೆ ಇಟ್ಟುಕೊಂಡಳು. ನಾನು ಟ್ಯೂಬು ಹೊರಗೆಳೆದು ಕಾಲುವೆಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವಷ್ಟರಲ್ಲಿ ಅವಳಿಗೆ ನನಗಿಂತ ಹೆಚ್ಚು ಅವಸರವಾಗಿತ್ತು. "ಬಿರ್ನೆ ಹಾಕವ್ವಾ, ಹೊಟ್ಟೆ ಹಸ್ಕೊಂಡ್ ಕುಂತದೆ ಹೆಣ್ಣು!" ಎಂದು ತಲೆ ಅಲ್ಲಾಡಿಸದೆ ಗದರುತ್ತಿದ್ದಳು. ನಗುತ್ತ ಕೆಲಸ ಮಾಡುವಾಗ ಸಲ್ಯೂಷನ್ನೂ ಚೈನಿನ ಎಣ್ಣೆಯೂ ನನ್ನ ವೇಲಿಗೆ ಮೆತ್ತಿಕೊಂಡವು. ಹೊರಟಾಗ ಒಂದು ಗೊಂಚಲು ದ್ರಾಕ್ಷಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿದಳು.

ಅಕ್ಕನ ಮನೆ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಓರಗಿತ್ತಿಯರ ಊಟ ಮುಗಿದಿತ್ತು. ಅಕ್ಕ ಒಲೆಯ ಮುಂದೆ ಒಬ್ಬಟ್ಟು ಬೇಯಿಸುತ್ತಿದ್ದವಳು ಬೆಲ್ಲಿನ ಸದ್ದಿಗೆ ಎದ್ದು ಓಡಿಬಂದಳು. ಸೈಕಲ್ ನೋಡಿದಳು, ನನ್ನ ನೋಡಿದಳು, ಹಿಂದೆ ಬೀದಿಯುದ್ದಕ್ಕೂ ಕಣ್ಣಾಡಿಸಿದಳು.

"ಅಪ್ಪ ಎಲ್ಲೇ?"

"ಮಂಚದ ಮೇಲೆ. ಕಾಲು ಮುರ್ಕೊಂಡಿದಾರೆ, ಬಾಯಿ ಚೆನ್ನಾಗಿದೆ."

ಅಷ್ಟರಲ್ಲಿ ಅವಳ ಅತ್ತೆ ಹೊರಗೆ ಬಂದರು. ಅವರಿಗೆ ಹೇಳಬೇಕೆಂದು ಕೆ.ಆರ್. ಪುರದಿಂದ ಖಾರವಾದ ನಾಲ್ಕು ಮಾತು ಹೊಂದಿಸಿಕೊಂಡು ಬಂದಿದ್ದೆ. ಅವರು ನನ್ನ ಕೆಂಪು ಮಣ್ಣಿನ ಮುಖವನ್ನೂ ಕಪ್ಪಾದ ಕೈಯನ್ನೂ ನೋಡುತ್ತ ನಿಂತರು. "ಒಬ್ಳೇ ಬಂದ್ಯಾ? ಅಷ್ಟು ದೂರದಿಂದ? ಸೈಕಲ್ನಾಗೇ?" ಎಂದು ಕೇಳಿದಾಗ ಆ ನಾಲ್ಕರಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಹೂಂ ಎಂದೆ.

ಗೌರಿಯ ಮುಂದೆ ಮೊರ ಬಿಚ್ಚಿದರು. ಅಕ್ಕ ಅಕ್ಕಿಯೊಳಗೆ ಕೈ ಹಾಕಿ ಬಳೆಗಳನ್ನು ಒಂದೊಂದಾಗಿ ತೆಗೆಯುವಾಗ ನಾನು ಎಣಿಸುತ್ತಿದ್ದೆ. ಇಪ್ಪತ್ತನಾಲ್ಕೂ ಸರಿಯಾಗಿದ್ದವು. ಮತ್ತೆ ಮೊರ ಮುಚ್ಚಿ ಬಾಗಿನ ಕೊಡಬೇಕು ಎನ್ನುವಾಗ ದೊಡ್ಡ ಓರಗಿತ್ತಿ ತಡೆದರು. "ಸೆರಗು ಮುಚ್ಚಿ ಕೊಡ್ಬೇಕಲ್ಲ. ಈ ಹುಡುಗಿಗೆ ಸೆರಗೆಲ್ಲಿದೆ? ಮದುವೇನೂ ಆಗಿಲ್ಲ."

ಎಣ್ಣೆ ಮೆತ್ತಿದ ವೇಲನ್ನು ಬೆನ್ನ ಹಿಂದೆ ಮುದುಡಿಕೊಂಡೆ. ಅಕ್ಕನ ಮುಖ ಬಾಡಿತು. ಇಷ್ಟು ದೂರ ಬಂದು ಹೊಸ್ತಿಲೊಳಗೆ ಸೋತೆನಲ್ಲ ಅನ್ನಿಸಿತು.

ಅಕ್ಕನ ಅತ್ತೆ ಜಗಲಿಗೆ ಹೋದರು. ಅಲ್ಲಿ ಕೂತಿದ್ದ ಗಂಡನ ಹೆಗಲ ಮೇಲಿನ ಟವೆಲನ್ನು ಕೇಳದೆಯೇ ಎಳೆದುಕೊಂಡು ಬಂದು ನನ್ನ ಹೆಗಲಿಗೆ ಹಾಕಿದರು.

"ಅವ್ರಪ್ಪ ಸೆರಗು ಹೊದ್ಕೊಂಡು ಕೊಡ್ತಿದ್ರಾ?" ಎಂದು ದೊಡ್ಡ ಸೊಸೆಯನ್ನು ಕೇಳಿ, ನನ್ನ ಕಡೆ ತಿರುಗಿದರು. "ಅವ್ರ ಜಾಗದಾಗೆ ಬಂದಿದೀಯ. ಅವ್ರು ಕೊಟ್ಟಂಗೇ ಕೊಡು."

ಕೊಟ್ಟೆ. ಅಕ್ಕ ಅಳುತ್ತ ನಗುತ್ತ ತೆಗೆದುಕೊಂಡಳು. ಆಮೇಲೆ ನನ್ನ ಪಕ್ಕದಲ್ಲೇ ಕೂತು ಆರು ಒಬ್ಬಟ್ಟು ತಿಂದಳು.

ಸಂಜೆ ಬೆಳಕಿರುವಾಗಲೇ ಮನೆ ಸೇರಿದೆ. ಅಪ್ಪ ಕೇಳಿದ ಮೊದಲ ಮಾತು, "ಅಕ್ಕ ಊಟ ಮಾಡಿದ್ಲಾ?"

"ನನ್ನೆದುರಿಗೇ ಮಾಡಿದ್ಲು." ಟವೆಲ್ಲಿನ ಕಥೆಯನ್ನೂ, ಅತ್ತೆ ಹೇಳಿದ ಮಾತನ್ನೂ ಒಂದಕ್ಷರ ಬಿಡದೆ ಹೇಳಿದೆ.

ಅಪ್ಪ, "ಸೈಕಲ್ ಒಳಗ್ ತಗೊಂಬಾ, ಮಂಚದ್ ಹತ್ರ. ಸ್ಪ್ಯಾನರೂ ತಾ" ಎಂದರು. ಅವರ ಎತ್ತರಕ್ಕೆ ಇದ್ದ ಸೀಟು ಅದು. ದಿನವಿಡೀ ತುದಿಗಾಲಿನಲ್ಲೇ ಪೆಡಲ್ ತುಳಿದಿದ್ದೇನೆಂದು ನಾನು ಹೇಳಿರಲಿಲ್ಲ. ಪ್ಲಾಸ್ಟರ್ ಕಾಲನ್ನು ಪಕ್ಕಕ್ಕೆ ಚಾಚಿ, ನನ್ನನ್ನು ಸೈಕಲ್ಲಿನ ಪಕ್ಕ ನಿಲ್ಲಿಸಿ ಅಳತೆ ನೋಡಿ, ಸೀಟನ್ನು ನಾಲ್ಕು ಬೆರಳು ಇಳಿಸಿ ಬಿಗಿ ಮಾಡಿದರು. ಕಾಲು ಸರಿಹೋದ ಮೇಲೂ ಅದನ್ನು ಅವರು ಮತ್ತೆ ಏರಿಸಲಿಲ್ಲ.