ಹೊಲಿಗೆಗೆ ಮುಂಚೆ ಓದಿದ ರಷ್ಯನ್ ಕಾದಂಬರಿ

ಮೊನ್ನೆ ಹನುಮಂತನಗರದ ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬಾತ ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದ. ಬಕೆಟ್ಟಿನಲ್ಲಿ ಆಗಷ್ಟೇ ಕಾಸಿ ತಂದ ಮೈದಾ ಗೋಂದು ಇತ್ತು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಹಿಟ್ಟು ಬೆಂದು ಮಂದವಾಗುವಾಗ ಬರುವ, ತುಸು ಹುಳಿ ಬೆರೆತ ಆ ಬಿಸಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಚಾಮರಾಜಪೇಟೆಯ ನಮ್ಮ ಹಳೆಯ ಮನೆಯ ಮುಂದಿನ ಕೋಣೆಯಲ್ಲಿದ್ದೆ. “ಏನ್ ಮೇಡಂ, ಅಡ್ರೆಸ್ ಹುಡುಕ್ತಿದೀರಾ?” ಎಂದು ಆತ ಕೇಳಿದ. ಹುಡುಕುತ್ತಿದ್ದದ್ದು ನಿಜ. ಆದರೆ ಆ ಅಡ್ರೆಸ್ಸಿನಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ, ನಮ್ಮ ಅಡುಗೆಮನೆಯಿದ್ದ ಜಾಗದಲ್ಲಿ ಯಾರದೋ ಕಾರು ನಿಂತಿರುತ್ತದೆ.

ನಮ್ಮಪ್ಪ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದರು. ಬಸವನಗುಡಿ, ಮಲ್ಲೇಶ್ವರಗಳ ವಾಚನಾಲಯಗಳಿಂದ ಬೆನ್ನು ಮುರಿದ, ಹಾಳೆ ಉದುರಿದ ಪುಸ್ತಕಗಳು ಗೋಣಿಚೀಲದಲ್ಲಿ ನಮ್ಮ ಮನೆಗೆ ಬರುತ್ತಿದ್ದವು. ಅಪ್ಪ ಹಳೆಯ ದಾರ ಕತ್ತರಿಸಿ, ಪುಸ್ತಕವನ್ನು ಹದಿನಾರು ಹದಿನಾರು ಪುಟಗಳ ಫಾರಂಗಳಾಗಿ ಬಿಡಿಸಿ, ಒಣಗಿದ ಅಂಟನ್ನು ಕೆರೆದು ತೆಗೆಯುತ್ತಿದ್ದರು. ಅವನ್ನು ಮತ್ತೆ ಜೋಡಿಸಿ ಹೊಲಿಯುವುದು ಅಪ್ಪನ ಅಕ್ಕ ಗೌರತ್ತೆಯ ಕೆಲಸ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು ಅವರು. ಅವರ ಹೊಲಿಗೆ ಎಷ್ಟು ಬಿಗಿಯೆಂದರೆ, ನಮ್ಮಲ್ಲಿಗೆ ಒಮ್ಮೆ ಬಂದುಹೋದ ಪುಸ್ತಕ ಎರಡನೇ ಸಲ ಬಂದದ್ದನ್ನು ನಾನು ಕಂಡಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಬಿಡಿಸಿಟ್ಟ ಪುಸ್ತಕವನ್ನು ಓದದೆ ಹೊಲಿಯಬಾರದೆಂಬುದು ಗೌರತ್ತೆಯ ಕಾನೂನು. ಮೊದಲ ಫಾರಂ ಅವರು ಓದಿ ಅಮ್ಮನಿಗೆ ಕೊಡುತ್ತಿದ್ದರು. ಅಮ್ಮ ಅದನ್ನು ಎಣ್ಣೆ ಡಬ್ಬಕ್ಕೆ ಒರಗಿಸಿಟ್ಟುಕೊಂಡು ಹುಳಿ ಕುದಿಯುವಷ್ಟರಲ್ಲಿ ಮುಗಿಸಿ ನನಗೆ ದಾಟಿಸುತ್ತಿದ್ದಳು. ನಾನು ಸ್ಕೂಲಿನಿಂದ ಬಂದು ಓದಿ ಅಪ್ಪನಿಗೆ. ಅಪ್ಪನ ಕೈ ಸದಾ ಗೋಂದಿನಲ್ಲಿರುತ್ತಿದ್ದುದರಿಂದ ಅವರದು ಕಟ್ಟಕಡೆಯ ಸರದಿ. ಹೀಗಾಗಿ ಒಂದೇ ಕಾದಂಬರಿಯಲ್ಲಿ ನಾವು ನಾಲ್ವರು ನಾಲ್ಕು ಕಡೆ ಇರುತ್ತಿದ್ದೆವು. ಗೌರತ್ತೆ ಅತ್ತು ಮುಗಿಸಿದ ಸಾವಿಗೆ ಎರಡು ದಿನ ಬಿಟ್ಟು ಅಮ್ಮ ಮೂಗು ಒರೆಸಿಕೊಳ್ಳುತ್ತಿದ್ದಳು. ಮುಂದಿರುವವರು ಹಿಂದಿರುವವರಿಗೆ ಕಥೆ ಹೇಳುವಂತಿರಲಿಲ್ಲ. ಆದರೆ ಅಪ್ಪ ಮಹಾ ಚಾಲಾಕಿ, ಊಟಕ್ಕೆ ಕೂತಾಗ ನಮ್ಮ ಮುಖ ನೋಡಿಯೇ ಕಂಡುಹಿಡಿದುಬಿಡುತ್ತಿದ್ದರು. ಅದಕ್ಕೇ ನಾನು, ಎಂಥ ದುಃಖದ ಪುಟ ಓದಿ ಬಂದರೂ ನಗುಮುಖ ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ.

ಗೋಣಿಚೀಲದಿಂದ ಬಂದದ್ದರಲ್ಲಿ ನಮಗೆ ಹಬ್ಬವೆಂದರೆ ಕನ್ನಡಕ್ಕೆ ಬಂದ ದಪ್ಪ ರಷ್ಯನ್ ಕಾದಂಬರಿಗಳು. ಇವತ್ತಿಗೂ ಯಾರಾದರೂ ಏನು ಓದಲಿ ಎಂದರೆ ಅವನ್ನೇ ಹೇಳುತ್ತೇನೆ, ಹಿಂದೆಮುಂದೆ ನೋಡುವುದಿಲ್ಲ. ಹೆಸರು ಬಾಯಿಗೆ ಬರುವುದಿಲ್ಲ, ಒಬ್ಬೊಬ್ಬರಿಗೂ ಮೂರು ಮೂರು ಹೆಸರು ಎಂದು ಗೊಣಗುವವರಿಗೆ ಗೌರತ್ತೆಯ ಉತ್ತರ ಸಾಕು. “ಹೆಸರು ಅತ್ಲಾಗ್ ಬಿಡೇ, ಅವನ ಕೋಟು, ಮೀಸೆ ನೆನಪಿಟ್ಕೋ” ಎನ್ನುತ್ತಿದ್ದರು. ಮೊದಲ ನೂರು ಪುಟ ತಾಳಿಕೊಂಡು ಓದಿ. ಆಮೇಲೆ ನೀವಾಗಿ ಎದ್ದು ಬರಲಾರಿರಿ. ಆ ಜನ ಸುಮ್ಮನೆ ಟೀ ಕುಡಿಯುತ್ತ ದೇವರಿದ್ದಾನೋ ಇಲ್ಲವೋ ಎಂದು ಜಗಳವಾಡುತ್ತಾರೆ, ಮರ್ಯಾದೆಗೆಟ್ಟು ಅಳುತ್ತಾರೆ, ಮರುಕ್ಷಣ ಕಾಲು ಹಿಡಿದು ಕ್ಷಮೆ ಕೇಳುತ್ತಾರೆ. ಥೇಟ್ ನಮ್ಮ ನೆಂಟರೇ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಬಾಗಿಲು ತೆಗೆಯುವ ಆಳಿಗೂ ಅವನದೇ ಒಂದು ಸಂಕಟವಿರುತ್ತದೆ, ಬರೆಯುವವನು ಅದಕ್ಕೂ ನಾಲ್ಕು ಪುಟ ಕೊಡುತ್ತಾನೆ. ಕೈಯಲ್ಲಿ ದುಡಿಯುವ ನಮ್ಮಂಥ ಮನೆಯವರಿಗೆ ಅದು ದೊಡ್ಡ ಮರ್ಯಾದೆ ಅನ್ನಿಸುತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬಂದ ಒಂದು ಕಾದಂಬರಿಯಲ್ಲಿ ಅಂಥದೇ ಒಬ್ಬ ಗಾಡಿಯವನಿದ್ದ. ಜಮೀನ್ದಾರನ ಕಾಗದ ತಲುಪಿಸಲು ಕುಂಟು ಕುದುರೆ ಕಟ್ಟಿಕೊಂಡು ಹಿಮದಲ್ಲಿ ಹೊರಟ ಮುದುಕ. ಮನೆಯಲ್ಲಿ ಮಗಳೊಬ್ಬಳೇ ಅವನಿಗಾಗಿ ಕಾಯುತ್ತಿದ್ದಳು. ಅಪ್ಪನಿಗೆ ಅವನೆಂದರೆ ಪ್ರಾಣ. ಮಾಗಡಿ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮಜ್ಜ ಎತ್ತಿನ ಗಾಡಿ ಹೊಡೆಯುತ್ತಿದ್ದವರು. “ನಮ್ಮಪ್ಪ ಎತ್ತಿನ ಜೊತೆ ಮಾತಾಡ್ತಿದ್ದ ಹಾಗೇ ಕುದುರೆ ಜೊತೆ ಮಾತಾಡ್ತಾನೆ ನೋಡು ಇವನು” ಎಂದು ಅಪ್ಪ ಖುಷಿಪಡುತ್ತಿದ್ದರು. ಆದರೆ ವಾಪಸು ಬರುವಾಗ ಗಾಳಿ ಎದ್ದು ದಾರಿ ತಪ್ಪಿ, ಗಾಡಿಯವನು ಹಿಮದಲ್ಲಿ ಸತ್ತುಹೋಗುತ್ತಾನೆ. ಆ ಫಾರಂ ಓದಿ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ, ಮುಖ ತೊಳೆದುಕೊಂಡು ಒಳಗೆ ಬಂದೆ. ಅಪ್ಪನಿಗೆ ಇನ್ನೂ ಮೂರು ಫಾರಂ ಬಾಕಿಯಿತ್ತು. ಅವರ ಗಾಡಿಯವನು ಆಗಿನ್ನೂ ಊರು ಬಿಟ್ಟು ಹೊರಟಿದ್ದನಷ್ಟೆ.

ಮಾರನೆಯ ದಿನ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದರು. ಎರಡನೇ ದಿನ ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದೆ. ಅಪ್ಪ ದಿಂಬಿಗೆ ಒರಗಿ ಕೂತಿದ್ದರು, ಮುಖ ಇಳಿದಿತ್ತು. ಎರಡು ಚಮಚ ಕುಡಿದು, ನನ್ನನ್ನೇ ನೋಡುತ್ತ, “ಜಯೂ, ಆ ಗಾಡಿಯವನು ಮನೆ ಸೇರಿದ್ನೇನೇ?” ಎಂದರು. ನಾನು ಅಭ್ಯಾಸದ ನಗು ನಕ್ಕು, “ಆಹಾ, ಹೇಳ್ಬಿಡ್ತೀನಾ ನಾನು? ಮನೆಗೆ ಬಂದು ನೀವೇ ಓದ್ಕೊಳ್ಳಿ” ಎಂದೆ. “ಘಾಟಿ ಕಣೇ ನೀನು” ಎಂದು ಅವರೂ ನಕ್ಕರು. ಮರುದಿನ ಬೆಳಿಗ್ಗೆ ಅಪ್ಪ ಹೋಗಿಬಿಟ್ಟರು.

ಹದಿಮೂರು ದಿನ ಕಳೆದ ಮೇಲೆ ಗೌರತ್ತೆ, ಅಪ್ಪನಿಗೆಂದು ಕಿಟಕಿಯ ಮೇಲೆ ಇಟ್ಟಿದ್ದ ಆ ಮೂರು ಫಾರಂ ಎತ್ತಿಕೊಂಡು ಇಡೀ ಪುಸ್ತಕ ಹೊಲಿದರು. ರಟ್ಟು ಅಂಟಿಸಿದ್ದು ನಾನು, ಸೊಟ್ಟಗಾಯಿತು. ಅವರೂ ಅಮ್ಮನೂ ಇನ್ನೂ ಕೆಲವು ವರ್ಷ ಕೆಲಸ ನಡೆಸಿದರು. ಆದರೆ ಫಾರಂ ಕೈಯಿಂದ ಕೈಗೆ ದಾಟುವುದು ನಿಂತುಹೋಯಿತು. ನಾನು ಓದಿ ಟೀಚರಾದೆ, ಮದುವೆಯಾಯಿತು, ಅಮ್ಮ ತೀರಿಕೊಂಡಳು. ಇಷ್ಟಾದರೂ ಆಸ್ಪತ್ರೆಯ ಆ ಮಧ್ಯಾಹ್ನ ನನ್ನನ್ನು ಬಿಡಲಿಲ್ಲ. ಸಾಯುವ ಮನುಷ್ಯ ಕೇಳಿದ ಒಂದೇ ಒಂದು ಮಾತು, ಅದಕ್ಕೆ ಉತ್ತರ ಗೊತ್ತಿದ್ದೂ ಆಟವಾಡಿದೆನಲ್ಲ ಎಂದು ಒಳಗೊಳಗೇ ಬೇಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮೆಜೆಸ್ಟಿಕ್ ಹತ್ತಿರದ ಹಳೇ ಪುಸ್ತಕದ ಅಂಗಡಿಯಲ್ಲಿ ಆ ಕಾದಂಬರಿಯ ಇನ್ನೊಂದು ಪ್ರತಿ ಸಿಕ್ಕಿತು. ಗೌರತ್ತೆ ಆಗ ನನ್ನ ಮನೆಯಲ್ಲೇ ಇದ್ದರು. ಕಣ್ಣು ಪೂರ್ತಿ ಮಂಜಾಗಿತ್ತು, ಬೆರಳು ಮಾತ್ರ ಪುಸ್ತಕದ ಬೆನ್ನು ಸವರಿ, “ಯಾರೇ ಹೊಲಿದೋರು ಇದನ್ನ? ಸಡಿಲ” ಎಂದು ಬೈಯುವಷ್ಟು ಚುರುಕು. ದಿನಾ ಸಂಜೆ ಅವರಿಗೆ ಓದಿ ಹೇಳತೊಡಗಿದೆ. ಗಾಡಿಯವನು ಕುದುರೆ ಕಟ್ಟುವಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. ಪುಸ್ತಕ ಮಡಿಚಿ, ಆಸ್ಪತ್ರೆಯ ಆ ಮಧ್ಯಾಹ್ನದ್ದೆಲ್ಲ ಹೇಳಿಬಿಟ್ಟೆ.

ಗೌರತ್ತೆ, “ಅವತ್ತು ಬೆಳಿಗ್ಗೆ ನನ್ನೂ ಕೇಳಿದ್ದ ಕಣೇ” ಎಂದರು. “ನಾನು ಸುಳ್ಳು ಹೇಳ್ಬಿಟ್ಟೆ. ಸೇರಿದ ಕಣಪ್ಪ, ಮಗಳು ಬಾಗಿಲಲ್ಲೇ ನಿಂತಿದ್ಲು, ಬಿಸಿ ಟೀ ಕೊಟ್ಲು ಅಂದೆ. ನನ್ನ ಮುಖ ನೋಡಿ ಅನುಮಾನ ಬಂದಿರ್ಬೇಕು, ಅದಕ್ಕೇ ನಿನ್ನ ಕೇಳಿದಾನೆ. ನೀನು ನಿಜ ಹೇಳಿದ್ರೆ ಏನಾಗ್ತಿತ್ತು? ನಕ್ಕೆಯಲ್ಲ, ಆ ನಗು ನೋಡಿ ನಂಬಿರ್ತಾನೆ ಬಿಡು.” ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಮನುಷ್ಯನ ಬಗ್ಗೆ ನಾವಿಬ್ಬರೂ ಬೇರೆ ಬೇರೆಯಾಗಿ ಕೊರಗಿದ್ದೆವು. ಅವರು ಸುಳ್ಳು ಹೇಳಿದ್ದಕ್ಕೆ, ನಾನು ನಿಜ ಹೇಳದಿದ್ದದ್ದಕ್ಕೆ. ಅವರ ಕೈ ಹಿಡಿದುಕೊಂಡು ಚೆನ್ನಾಗಿ ಅತ್ತೆ.

ಆಮೇಲೆ ಅವರೇ “ಮುಂದಕ್ಕೆ ಓದು” ಎಂದರು. ಓದಿದೆ. ಗಾಳಿ ಎದ್ದಿತು, ಕುದುರೆ ಮುಗ್ಗರಿಸಿತು. ಅವನು ಸಾಯುವ ಪುಟ ಬಂತು. ನಾನು ಅಲ್ಲಿ ಅಚ್ಚಾಗಿದ್ದದ್ದನ್ನು ಓದಲಿಲ್ಲ. ದೂರದಲ್ಲಿ ದೀಪ ಕಂಡಿತು ಎಂದೆ, ಕುದುರೆ ಮನೆಯ ದಾರಿ ಗುರುತು ಹಿಡಿಯಿತು ಎಂದೆ, ಮಗಳು ಬಾಗಿಲಿಗೆ ಬಂದಳು ಎಂದೆ. ಆ ಕಾದಂಬರಿಯನ್ನು ಅಂದೇ ಓದಿ ತಮ್ಮ ಕೈಯಾರೆ ಹೊಲಿದಿದ್ದ ಗೌರತ್ತೆ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿದರು.

“ಟೀ ಬಿಸಿ ಇತ್ತೇನೇ?” ಎಂದರು.

“ಇತ್ತು ಅತ್ತೆ” ಎಂದೆ.